ಖಂಡೇಪೂಜೆಗೆ ಆರಿಸಿದ ಕಂಪ್ಯೂಟರ್

ಎಂಬತ್ತರ ದಶಕ ಮುಗಿಯುತ್ತ ಬಂದಾಗ ನಾವು ಮುನಿರಾಬಾದಿನ ಡ್ಯಾಮ್ ಕಾಲೊನಿಯಲ್ಲಿದ್ದೆವು. ಕಚೇರಿಗೆ ಹೊಸದಾಗಿ ಕಂಪ್ಯೂಟರ್ ಬಂದಿತ್ತು. ದಿನಾ ಬೆಳಿಗ್ಗೆ ಜಲಾಶಯದ ನೀರಿನ ಮಟ್ಟವನ್ನು ಅದರಲ್ಲಿ ಹಾಕಿ, ಟೆಲಿಫೋನ್ ತಂತಿಯ ಮೂಲಕ ಬೆಂಗಳೂರಿನ ಕಂಪ್ಯೂಟರಿಗೆ ಕಳಿಸುವುದು ನಮ್ಮ ಯಜಮಾನರ ಕೆಲಸ. ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ದಸರೆ ಮುಗಿಯಲಿ, ಮಾಡಿಸುತ್ತೇನೆ ಎಂದು ಸಾಹೇಬರು ಮಾತು ಕೊಟ್ಟಿದ್ದರು. ಅದೊಂದಕ್ಕಾಗಿಯೇ ನಾನು ಸೋಮವಾರ ಒಪ್ಪತ್ತು ಹಿಡಿದಿದ್ದೆ.

ಮಳೆ ಬಂದರೆ ಲೈನ್ ಕಡಿಯುತ್ತಿತ್ತು, ಗಾಳಿ ಬೀಸಿದರೂ ಕಡಿಯುತ್ತಿತ್ತು. ಊಟಕ್ಕೆ ಬಂದವರು ತಾಟಿನ ಮುಂದೆ ಕೂತು, "ಇವತ್ತೂ ಅರ್ಧಕ್ಕ ಕಡೀತು. ಮತ್ತ ಮೊದಲಿಂದ ಕಳಿಸಿದೆ" ಎನ್ನುತ್ತಿದ್ದರು.

ಆ ವರ್ಷ ಖಂಡೇಪೂಜೆಯ, ಅಂದರೆ ಆಯುಧಪೂಜೆಯ ದಿನ ಜೀಪು, ಪಾನೆ, ಸುತ್ತಿಗೆಗಳ ಜೊತೆ ಕಂಪ್ಯೂಟರಿಗೂ ವಿಭೂತಿ ಹಚ್ಚಿ ಚೆಂಡುಹೂವಿನ ಸರ ಹಾಕಿದರು. ಕಾಯಿ ಒಡೆದವರು ಸಾಹೇಬರೇ. ಪೂಜೆಗಿಟ್ಟ ಸಾಮಾನನ್ನು ಮರುದಿನ ಸಂಜೆ ಬನ್ನಿ ಕೊಡುವ ತನಕ ನಮ್ಮ ಕಡೆ ಯಾರೂ ಮುಟ್ಟುವುದಿಲ್ಲ. ಇವರು ಸ್ವಿಚ್ ಆರಿಸಿ ಮನೆಗೆ ಬಂದರು.

ಬೆಂಗಳೂರಿನವರೂ ಪೂಜೆ ಮಾಡಿದ್ದರು, ಆದರೆ ಯಂತ್ರ ಆರಿಸಿರಲಿಲ್ಲ. ಹೊಸ ಅಂಕಿ ಬಾರದಿದ್ದರೆ ಅದು ಹಿಂದಿನ ದಿನದ್ದನ್ನೇ ಮತ್ತೆ ಬರೆದುಕೊಳ್ಳುತ್ತಿತ್ತಂತೆ. ಇಲ್ಲಿ ನೀರು ಏರುತ್ತಿತ್ತು, ಅಲ್ಲಿ ಅಂಕಿ ನಿಂತೇ ಇತ್ತು. ಗೇಟಿನವರು ಕಣ್ಣಾರೆ ನೋಡಿ ನೀರು ಬಿಟ್ಟರು, ಯಾರಿಗೂ ಏನೂ ಆಗಲಿಲ್ಲ. ಅಷ್ಟು ದೇವರ ದಯೆ. ಆದರೆ ಹಬ್ಬ ಮುಗಿದ ಕೂಡಲೇ ಬೆಂಗಳೂರಿನಿಂದ ಸಾಹೇಬರಿಗೆ ಫೋನ್ ಬಂತು. ಅವರು ಇವರನ್ನು ಕರೆಸಿದರು. ಅಲ್ಲಿ ನಡೆದ ಮಾತನ್ನು ಇವರೇ ನನಗೆ ಹೇಳಿದ್ದು.

"ಆರಿಸು ಅಂತ ನಾ ಹೇಳಿದ್ನೇನೋ?"

"ನೀವ ಕಾಯಿ ಒಡದ್ರಿ. ಆರಿಸಬ್ಯಾಡ ಅಂತನೂ ಹೇಳ್ಲಿಲ್ರಿ."

ಕಾಯಿ ಒಡೆದದ್ದು ತಾವೇ ಎಂದು ಸಾಹೇಬರು ಒಪ್ಪಿಕೊಂಡರಂತೆ. ಆಮೇಲೆ, "ಕಾಯಂ ಮಾಡಸ್ತೀನಿ. ಆದ್ರ ಇನ್ನ ಮ್ಯಾಲೆ ಹಬ್ಬದ ದಿನ ನೀನ ಕುಂಡ್ರಬೇಕು. ಕಳಿಸಿದ ಮ್ಯಾಲೆ ಫೋನ್ ಹಚ್ಚಿ, ಮುಟ್ಟೇತೇನು ಅಂತ ಕೇಳಿನ ಏಳಬೇಕು" ಎಂದರಂತೆ.

ನೌಕರಿ ಕಾಯಂ ಆಯಿತು. ಯುಗಾದಿ, ಪಂಚಮಿ, ದೀಪಾವಳಿ, ಎಲ್ಲವೂ ಅವರಿಗೆ ಕಚೇರಿಯಲ್ಲೇ ಕಳೆದವು. ಅವರು ಬರುವವರೆಗೆ ನಾನು ದೇವರಿಗೆ ಎಡೆ ಹಿಡಿಯುತ್ತಿರಲಿಲ್ಲ. ಒಂದು ಯುಗಾದಿಗೆ ಪಕ್ಕದ ಮನೆಯಾಕೆ ಬಾಗಿಲಲ್ಲಿ ನಿಂತು, "ಏನ್ ಅಕ್ಕಾರ, ನಿಮ್ಮನ್ಯಾಗ ದೇವ್ರಕಿಂತ ಮೊದಲ ಬೆಂಗಳೂರಿಗೆ ಎಡಿ ಹೋಗತೈತೇನು?" ಎಂದಳು.

"ಹೂಂನವ್ವ. ಅಲ್ಲಿಂದ ಮುಟ್ಟೇತಿ ಅಂತ ಉತ್ತರ ಆದ್ರೂ ಬರತೈತಿ."

ಅಂದುಬಿಟ್ಟೆ. ಆಕೆ ಹೋದ ಮೇಲೆ ದೇವರ ಜಗಲಿಯ ಮುಂದೆ ನಿಂತು ತಪ್ಪಾಯಿತೆಂದು ಗಲ್ಲ ಬಡಿದುಕೊಂಡೆ. ಇವರು ಬಂದಾಗ ಹೊತ್ತು ಇಳಿದಿತ್ತು. "ಲೈನ್ ಸಿಗಲಿಲ್ಲ, ಮುಟ್ಟೇತೋ ಇಲ್ಲೋ" ಎಂದಷ್ಟೇ ಹೇಳಿ ಕಾಲು ತೊಳೆದರು. ನಾನು ಎಡೆ ಹಿಡಿದು, ಆರಿದ ಹೋಳಿಗೆಯನ್ನು ಮತ್ತೆ ಹಂಚಿಗೆ ಹಾಕಿದೆ.