ಕೆರೆಯಂಚಿನ ಗೊರವ

ಪೀಣ್ಯದ ಒಂದು ಕಾರ್ಖಾನೆಯಲ್ಲಿ ನಾವು ಮೂವರು ಗೆಳೆಯರು. ನಾನು ತಪಾಸಣೆ ವಿಭಾಗದಲ್ಲಿದ್ದೆ, ಇನ್ನೊಬ್ಬ ಡ್ರಾಯಿಂಗ್ ಸೆಕ್ಷನ್ನಿನಲ್ಲಿ, ಮೂರನೆಯವನು ತಗಡು ಒತ್ತುವ ಪ್ರೆಸ್ ಷಾಪಿನಲ್ಲಿ. ತೊಂಬತ್ತರ ದಶಕದ ಚಳಿಗಾಲಗಳಲ್ಲಿ ಭಾನುವಾರ ಬಂತೆಂದರೆ ಹಕ್ಕಿ ನೋಡಲು ಹೊರಡುತ್ತಿದ್ದೆವು. ಆ ಹುಚ್ಚು ಹಿಡಿಸಿದವನು ಡ್ರಾಯಿಂಗಿನವನು. ಬೈನಾಕ್ಯುಲರ್ ಇದ್ದದ್ದೂ ಅವನೊಬ್ಬನ ಬಳಿ.

ಒಮ್ಮೆ ಸಂಕ್ರಾಂತಿಯ ಹಿಂದಿನ ಭಾನುವಾರ ಬೆಳ್ಳಂದೂರು ಕೆರೆಗೆ ಹೋದೆವು. ಬಸ್ಸು ಬದಲಿಸಿ ತಲುಪುವಷ್ಟರಲ್ಲಿ ಮಂಜು ಕರಗತೊಡಗಿತ್ತು. ದೂರದ ನೀರಿನಲ್ಲಿ ವಲಸೆ ಬಂದ ಬಾತುಗಳ ಹಿಂಡು ಕೂತಿತ್ತು. ದಡದ ಜೊಂಡಿನೊಳಗೆ ಎಲ್ಲೋ ಒಂದು ಗೊರವ ಹಕ್ಕಿ ಸಣ್ಣಗೆ ಸಿಳ್ಳೆ ಹಾಕುತ್ತಿತ್ತು. ನಾವಿಬ್ಬರು ಅದನ್ನೇ ಹುಡುಕುತ್ತ ನಿಂತೆವು. ಪ್ರೆಸ್ ಷಾಪಿನವನು ಮಾತ್ರ ಬೈನಾಕ್ಯುಲರ್ ಇಸಿದುಕೊಂಡು ಕಣ್ಣಿಗಿಟ್ಟು ಬಾತುಗಳ ಕಡೆಗೆ ನಡೆದೇಬಿಟ್ಟ.

ಅಲ್ಲೇ ಹುಲ್ಲು ಕೊಯ್ಯುತ್ತಿದ್ದ ಊರಿನ ಅಜ್ಜಿಯೊಬ್ಬರು ತಲೆಯೆತ್ತಿದರು. “ಅತ್ಲಾಗ್ ಓಗ್ಬೇಡಪ್ಪೋ, ಊತೋಯ್ತೀಯ,” ಎಂದು ಕೂಗಿದರು. ನಾವೂ ಕೂಗಿದೆವು. ಅವನು ತಿರುಗಲಿಲ್ಲ. ನಾಲ್ಕು ಹೆಜ್ಜೆಗೆ ಕೆಸರಿನಲ್ಲಿ ಮೊಣಕಾಲು ಮುಳುಗಿತು, ಇನ್ನೆರಡಕ್ಕೆ ತೊಡೆ. ಅಜ್ಜಿ ಹುಲ್ಲಿನ ಹೊರೆ ಕಟ್ಟುವ ಹಗ್ಗ ಕೊಟ್ಟರು. ಅದನ್ನೆಸೆದು, ಅಜ್ಜಿಯೂ ನಾವಿಬ್ಬರೂ ಸೇರಿ ಅವನನ್ನು ಎಳೆದುಕೊಂಡೆವು. ಚಪ್ಪಲಿಗಳು ಕೆಸರಿನಲ್ಲೇ ಉಳಿದವು.

ಡ್ರಾಯಿಂಗಿನವನು ಸಿಟ್ಟಿನಲ್ಲಿ ಬಾಯಿಗೆ ಬಂದಂತೆ ಬೈದ. ಪ್ರೆಸ್ ಷಾಪಿನವನು ಬೈಯುವವನ ತುಟಿಗಳನ್ನೇ ನೋಡುತ್ತ ಕೂತಿದ್ದ.

“ಕೇಳಿಸ್ಲಿಲ್ಲ ಕಣೋ,” ಎಂದ ಕೊನೆಗೆ. “ಎರಡು ವರ್ಷದಿಂದ ಹಿಂಗೇ. ಎದುರಿಗಿದ್ರೆ ಬಾಯಿ ನೋಡ್ಕೊಂಡು ಹೆಂಗೋ ಸಂಭಾಳಿಸ್ತೀನಿ.”

ಯಾಕೆ ಹೇಳಲಿಲ್ಲವೆಂದು ಕೇಳಿದೆ. ಕೆಲಸದಿಂದ ತೆಗೆದುಬಿಟ್ಟಾರೆಂಬ ಭಯ ಎಂದ. ದಿನವಿಡೀ ಆ ಪ್ರೆಸ್ಸುಗಳ ಬಡಿತದ ನಡುವೆ ನಿಲ್ಲುವವನು ಅವನು. ಕ್ಯಾಂಟೀನಿನಲ್ಲಿ ನಾವು ಪಕ್ಕಕ್ಕೆ ಕರೆದರೂ ಎದುರು ಬೆಂಚಿನಲ್ಲೇ ಕೂರುತ್ತಿದ್ದ. ಹಿಂದಿನಿಂದ ಕರೆದರೆ ಓಗೊಡುತ್ತಿರಲಿಲ್ಲ. ಸೊಕ್ಕು ಎಂದು ನಾನೇ ಎರಡು ಮೂರು ಸಲ ಆಡಿಕೊಂಡಿದ್ದೆ. ಅವನ ಮುಖ ನೋಡಲಾಗದೆ ಕೆರೆಯ ಕಡೆ ತಿರುಗಿದೆ.

ಅಜ್ಜಿ ಕಾಲು ತೊಳೆಯುವ ಜಾಗ ತೋರಿಸಿ ತಮ್ಮ ಕೆಲಸಕ್ಕೆ ಮರಳಿದರು. ಅವರೆಕಾಳು ಉಪ್ಪಿಟ್ಟಿನ ಡಬ್ಬಿ ಬಿಚ್ಚಿದೆವು. ತಿನ್ನುತ್ತಿದ್ದಾಗ ಅವನು, “ಆಗ ಅಷ್ಟೊತ್ತು ಏನ್ ಹುಡುಕ್ತಿದ್ರಿ?” ಎಂದು ಕೇಳಿದ. ಗೊರವ ಎಂದೆ. ಕೈಬೆರಳಿನಿಂದ ಜೊಂಡಿನ ಬುಡ ತೋರಿಸಿದ. ಕೆಸರಿನ ಬಣ್ಣಕ್ಕೇ ಬೆರೆತು, ಬಾಲ ಕುಣಿಸುತ್ತ ಅದು ಅಲ್ಲಿಯೇ ನಿಂತಿತ್ತು. ಬಂದಾಗಲೇ ನೋಡಿದ್ದನಂತೆ.

ಮರುವಾರ ಮೂವರೂ ಕಿವಿ ಡಾಕ್ಟರ ಬಳಿ ಹೋದೆವು. ಹೋದದ್ದು ಮರಳಿ ಬರುವುದಿಲ್ಲ, ಉಳಿದದ್ದನ್ನಾದರೂ ಉಳಿಸಿಕೊಳ್ಳಿ ಎಂದ ಅವರು, ಸದ್ದಿನ ಕೆಲಸ ಬೇಡವೆಂದು ಚೀಟಿ ಬರೆದುಕೊಟ್ಟರು. ಆ ಚೀಟಿ ಹಿಡಿದು ಫೋರ್‌ಮನ್ ಮುಂದೆಯೂ ಮೂವರೂ ನಿಂತೆವು. ಅವರು ತಿಂಗಳೊಳಗೆ ಅವನನ್ನು ಸ್ಟೋರ್ಸಿಗೆ ಹಾಕಿಸಿದರು. ಅಲ್ಲಿ ಹೊತ್ತೇ ಹೋಗುವುದಿಲ್ಲವೆಂದು ಅವನು ವಾರಗಟ್ಟಲೆ ಗೊಣಗಿದ. ನಾವು ಅವನ ಎದುರಿಗೆ ಕೂತು ಕೇಳಿಸಿಕೊಂಡೆವು.