ಕೀಲಿಯಿಲ್ಲದ ಪೆಟ್ಟಿಗೆಯಕ್ಕ

“ಕೀಲಿ ಎಲ್ಲಿಟ್ಟಿದೀಯ, ಹೇಳು.”

“ನನ್ನ ಹತ್ರ ಇಲ್ಲ ಅಂದ್ನಲ್ಲ ಅಣ್ಣ.”

“ಪೆಟ್ಟಿಗೆ ನಿನ್ನ ಮನೇಲಿ, ಕೀಲಿ ಮಾತ್ರ ಇಲ್ಲ. ಯಾರ ಕಿವಿಗೆ ಹೂವಿಡ್ತೀಯ?”

ಇನ್ನೂ ಬೆಳಕು ಹರಿದಿಲ್ಲ. ಗೋಣಿಚೀಲ ಹೊಲಿಯುವ ಹೆಂಗಸು ದಬ್ಬಳ ಕೈಯಲ್ಲಿ ಹಿಡಿದೇ ತಗಡಿನ ಪೆಟ್ಟಿಗೆಯ ಮೇಲೆ ಕೂತಿದ್ದಾಳೆ. ಎದುರಿಗೆ ಒಡಹುಟ್ಟಿದ ಅಣ್ಣ, ಕೈಯಲ್ಲಿ ಹಾರೆ.

ಊರಿನ ಹೆಂಗಸರ ಉಳಿತಾಯ ಸಂಘದ ಪೆಟ್ಟಿಗೆ ಅದು. ಮೂರು ಬೀಗ, ಕೀಲಿಗಳು ಬೇರೆ ಬೇರೆ ಮೂರು ಮನೆಯಲ್ಲಿ. ಪೆಟ್ಟಿಗೆ ಇಟ್ಟುಕೊಂಡವಳಿಗೆ ಕೀಲಿ ಕೊಡಕೂಡದು ಎಂಬುದು ಅವರೇ ಮಾಡಿಕೊಂಡ ಕಟ್ಟಳೆ. ‘ಗಂಡನನ್ನು ಕರಕೊಂಡು ಬಾ’ ಎಂದು ಬ್ಯಾಂಕಿನ ಬಾಗಿಲಿಂದ ಅಟ್ಟಿಸಿಕೊಂಡವರು ಇವರು. ಈಗ ಅದೇ ಬ್ಯಾಂಕಿನಲ್ಲಿ ಸಂಘದ ಖಾತೆಯಿದೆ. ಬ್ಯಾಂಕು ದೂರ. ಸಭೆಯ ಹಣ ಅಲ್ಲಿಗೆ ಮುಟ್ಟುವವರೆಗೆ ಕಾಯುವವಳು ಇವಳೇ. ವೇದಿಕೆ ಹತ್ತಿ ಮಹಿಳಾ ಸಬಲೀಕರಣ ಎಂದು ಗಂಟಲು ಹರಿದುಕೊಳ್ಳುವವರು ಒಂದು ರಾತ್ರಿ ಆ ಪೆಟ್ಟಿಗೆಯ ಪಕ್ಕ ಮಲಗಿ ನೋಡಲಿ.

“ನಾಯಿ ಬೊಗಳಿದ್ರೆ ಎದ್ದು ಕೂರ್ತೀನಿ. ಬೊಗಳದಿದ್ರೆ ಇನ್ನೂ ಭಯ” ಎನ್ನುತ್ತಾಳೆ ಪೆಟ್ಟಿಗೆಯಕ್ಕ. ಊರು ಅವಳನ್ನು ಕರೆಯುವುದೇ ಹಾಗೆ.

ಈ ಸಲದ ಹಣ ಪಕ್ಕದ ಮನೆ ಹುಡುಗಿಯ ಹೊಲಿಗೆ ಯಂತ್ರಕ್ಕೆಂದು ಸಭೆಯಲ್ಲಿ ತೀರ್ಮಾನವಾಗಿದೆ. ಅಣ್ಣನಿಗೆ ಅದು ಕೆಟ್ಟು ನಿಂತ ಲಾರಿಯ ರಿಪೇರಿಗೆ ಬೇಕು. ಗಂಡ ಸತ್ತಾಗ ಅವಳಿಗೆ ಅನ್ನ ಹಾಕಿದವನು ಇದೇ ಅಣ್ಣ. ಸಂಕಟ ಇರುವುದೇ ಅಲ್ಲಿ.

“ಎರಡು ದಿನದ ಮಾತು. ಅನ್ನದ ಋಣ ಮರೆತ್ಯಾ?”

“ಮರೆತಿಲ್ಲ. ನನ್ನ ಕಿವಿಯ ಓಲೆ ತಗೊಂಡ್ಹೋಗು. ಇದು ನಂದಲ್ಲ.”

“ನಿನ್ನ ಓಲೆಗೆ ಲಾರಿಯ ಒಂದು ಚಕ್ರವೂ ಬರಲ್ಲ. ಏಳು ಮೇಲೆ.”

“ಹಾರೆ ಮೊದಲು ನನ್ನ ಮೇಲೆ ಹಾಕು. ಆಮೇಲೆ ಬೀಗದ ಮೇಲೆ.”

ಅಣ್ಣ ಹಾರೆ ಎತ್ತುತ್ತಾನೆ. ಅವಳು ಕಣ್ಣು ಮುಚ್ಚುತ್ತಾಳೆ, ಏಳುವುದಿಲ್ಲ. ಹಾರೆ ನೆಲಕ್ಕೆ ಬಿದ್ದ ಸದ್ದು.

“ಇವತ್ತಿಗೆ ನಂಗೆ ತಂಗಿ ಸತ್ಲು” ಎಂದವನೇ ಹೊಸ್ತಿಲು ದಾಟುತ್ತಾನೆ.

ಇದು ಹೋದ ವರ್ಷದ ಮಾತು. ಅಣ್ಣ ಮತ್ತೆ ಬಂದಿಲ್ಲ. ಗೋಡೆಯಾಚೆ ಹುಡುಗಿಯ ಯಂತ್ರ ಟಕಟಕ ಎನ್ನುತ್ತಿದೆ. ಹಾರೆ ಇವತ್ತಿಗೂ ಬಾಗಿಲ ಹಿಂದೆ ಒರಗಿದೆ.

“ಹಾರೆ ವಾಪಸ್ ಕೇಳ್ಕೊಂಡಾದ್ರೂ ಬರ್ಲಿ ಅಂತ ಇಟ್ಟಿದೀನಿ” ಎನ್ನುತ್ತಾಳೆ ಅವಳು, ದಬ್ಬಳಕ್ಕೆ ಹುರಿ ಪೋಣಿಸುತ್ತ. “ಹೆಜ್ಜೆ ಸದ್ದಾದ್ರೆ ಅಣ್ಣನೇನೋ ಅನ್ಸುತ್ತೆ. ಖುಷಿಯೋ ಭಯವೋ, ಗೊತ್ತಾಗಲ್ಲ. ಹೋಗಿ ಪೆಟ್ಟಿಗೆ ಮೇಲೆ ಕೂತ್ಕೋತೀನಿ.”