ಅರಿವೆ ಕಟ್ಟಿದ ಡಬ್ಬಿ

ನಿಪ್ಪಾಣಿಯ ತಂಬಾಕಿನ ವಖಾರಿಗಳಲ್ಲಿ, ಅಂದರೆ ಗೋದಾಮುಗಳಲ್ಲಿ, ಕೆಡಬಾರದ ವಸ್ತುವಿಗೆಲ್ಲ ಅರಿವೆ ಕಟ್ಟುತ್ತಾರೆ. ಕುಡಿಯುವ ನೀರಿನ ಕೊಡಕ್ಕೆ, ಬುತ್ತಿಗೆ, ಗೋಡೆಯ ಗಡಿಯಾರಕ್ಕೂ. ಹೆಂಗಸರು ಬಾಯಿ ಮೂಗಿಗೆ ಹಳೆಯ ಬಟ್ಟೆ ಬಿಗಿದುಕೊಂಡು ತಂಬಾಕು ಜರಡಿ ಹಿಡಿಯುತ್ತಾರೆ. ಇದೆಲ್ಲ ನನಗೆ ಚಿಕ್ಕಂದಿನಿಂದ ಗೊತ್ತಿದ್ದದ್ದೇ. ನನ್ನನ್ನು ಸಾಕಿ ಓದಿಸಿದ ಮಾವಶಿ, ಅಂದರೆ ಅವ್ವನ ತಂಗಿ, ಅಲ್ಲಿಯೇ ಕೂಲಿ ಮಾಡುತ್ತಿದ್ದಳು. ಸಂಜೆ ಅವಳು ಮನೆಗೆ ಬಂದು ಸೆರಗು ಕೊಡವಿದರೆ ಎಲ್ಲರೂ ಸೀನುತ್ತಿದ್ದೆವು.

ಇಂಜಿನಿಯರಿಂಗ್ ಮುಗಿಸಿ ನಾನು ಚಿಕ್ಕೋಡಿಯ ಕಾಲೇಜೊಂದರಲ್ಲಿ ಸಂಶೋಧನೆಗೆ ಸೇರಿದ ವರ್ಷವೇ ಅವಳ ಎದೆ ಸುಯ್‌ಗುಡತೊಡಗಿತು. "ಧೂಳ ಬಿಡಸ್ರಿ, ಇಲ್ಲಂದ್ರ ಪುಪ್ಪುಸ ಉಳಿಯಂಗಿಲ್ಲ" ಎಂದರು ಡಾಕ್ಟರು. ವಖಾರಿ ಬಿಡು ಎಂದರೆ ಮಾವಶಿ ನಕ್ಕಳು. ಅವಳು ವಖಾರಿ ಬಿಡದಿದ್ದರೆ ವಖಾರಿಯೇ ಧೂಳು ಬಿಡಬೇಕು ಎಂದುಕೊಂಡೆ. ಜಗತ್ತಿನ ಎಲ್ಲ ಕಷ್ಟಕ್ಕೂ ಒಂದು ಸೆನ್ಸರ್ ಸಾಕು ಎನ್ನುವ ಜಂಬ ಆಗ ನನಗಿತ್ತು.

ನಾನು ಮಾಡಿದ್ದು ಅಂಗೈಯಗಲದ ಒಂದು ಡಬ್ಬಿ. ಅದರೊಳಗಿನ ಸಣ್ಣ ಬೆಳಕು ಗಾಳಿಯ ಧೂಳನ್ನು ಅಳೆದು ಚಿಕ್ಕೋಡಿಯ ಕಂಪ್ಯೂಟರಿಗೆ ಅಂಕಿ ಕಳಿಸುತ್ತಿತ್ತು. ಆ ಅಂಕಿಗಳಿಂದ ಕಲಿತು, ಧೂಳು ಏಳುವ ಹೊತ್ತನ್ನು ಮೊದಲೇ ಹೇಳುವುದು ಕಂಪ್ಯೂಟರಿನ ಕೆಲಸ. ವಖಾರಿಯ ಮಾಲಕರೂ ಒಪ್ಪಿದರು. "ಒಂದ್ ತಿಂಗಳ ನೋಡೂಣ್ರಿ ಸಾಹೇಬ್ರ. ಗಾಳಿ ಕೆಟ್ಟೈತಿ ಅಂತ ನಿಮ್ಮ ಡಬ್ಬಿ ಹೇಳ್ತಂದ್ರ, ಧೂಳ ಎಳಿಯೂ ಫ್ಯಾನ್ ಹಾಕಸೂಣು."

ಡಬ್ಬಿಯನ್ನು ಗೋಡೆಗೆ ಕೂರಿಸುವಾಗ ಹೆಂಗಸರಿಗೆಲ್ಲ ತಾಕೀತು ಮಾಡಿದೆ: "ಭಾಳ ನಾಜೂಕ ಐತ್ರಿ, ಜ್ವಾಕಿ."

ಮೊದಲ ದಿನ ಅಂಕಿ ಮುಗಿಲಿಗೇರಿತು. ಮರುದಿನದಿಂದ ಇಳಿದು ನೆಲಕ್ಕಂಟಿತು. ಮಳೆಗಾಲವಲ್ಲವೇ, ತೇವಕ್ಕೆ ಧೂಳು ಕೂತಿರಬೇಕು ಎಂದು ನಾನೂ ನನ್ನ ಗೈಡೂ ಚಂದದ ಕಾರಣ ಹುಡುಕಿಕೊಂಡೆವು. ಓದಿದವರಿಗೆ ಕಾರಣಗಳಿಗೇನು ಬರ! ತಿಂಗಳು ತುಂಬಿ ಗ್ರಾಫ್ ಕಳಿಸಿದ ಮೇಲೆ "ಗಾಳಿ ಚಲೋ ಐತೆಲ್ರಿ" ಎಂದು ಮಾಲಕರ ಫೋನ್ ಬಂತು. ಜರಡಿ ಆಡುವಲ್ಲಿ ಗಾಳಿ ಚಲೋ ಇರುವುದುಂಟೇ ಎಂದು ಆಗ ಹೊಳೆದು ನಿಪ್ಪಾಣಿಗೆ ಓಡಿದೆ.

ಡಬ್ಬಿಗೆ ಅರಿವೆ ಕಟ್ಟಿತ್ತು. ಎರಡು ಮಡಿಕೆ ಮಾಡಿ, ಎಲ್ಲೂ ಸಂದಿ ಬಿಡದೆ, ಒಪ್ಪವಾಗಿ. ಅದು ನನ್ನ ಸಾಲೆಯ ನೀಲಿ ಅಂಗಿಯನ್ನು ಹರಿದು ಮಾವಶಿ ಬಾಯಿಗೆ ಕಟ್ಟಲೆಂದು ಮಾಡಿಕೊಂಡಿದ್ದ ಬಟ್ಟೆ. ಕೆಳಗೆ ಅವಳು ತೆಳ್ಳನೆಯ ಸೆರಗನ್ನು ಹಲ್ಲಲ್ಲಿ ಕಚ್ಚಿಕೊಂಡು ಜರಡಿ ಆಡಿಸುತ್ತಿದ್ದಳು.

"ನಾಜೂಕ ಐತಿ ಅಂತ ನೀನ ಅಂದಿದ್ಯಲ್ಲೋ. ಧೂಳ ಹೊಕ್ಕರ ಕೆಡ್ತಿತ್ತು," ಎಂದಳು. "ಎಲ್ಲಾಕ್ಕಿಂತ ಗಟ್ಟಿ ಅರಿವಿ ಅದ ಇತ್ತು. ನನಗೇನು, ಸೆರಗೈತಿ."

ಸುತ್ತಲಿನ ಹೆಂಗಸರು ಹೌದೌದೆಂದು ತಲೆಯಾಡಿಸಿದರು. ನನಗೆ ಸಿಟ್ಟು ಬಂತು, ಅಳು ಬಂತು. ಯಾರನ್ನು ಬಯ್ಯಬೇಕೆಂದೇ ತಿಳಿಯಲಿಲ್ಲ.

ಮಾಲಕರಿಗೆ ನಡೆದದ್ದನ್ನು ಹೇಳಿ ಇನ್ನೊಂದು ತಿಂಗಳು ಕೇಳಿದೆ. ನಾನೇ ಕಳಿಸಿದ್ದ ಗ್ರಾಫನ್ನು ಮೊಬೈಲಿನಲ್ಲಿ ತೆರೆದು ತೋರಿಸಿದರು. "ನಿಮ್ಮ ಡಬ್ಬೀನ ಹೇಳೈತ್ರಿ. ಈಗ ಅದರ ಬಾಯಿಂದ ಬ್ಯಾರೆ ಹೇಳಸ್ತೀರೇನು?" ನಾನು ಕೂಗಾಡಿದೆ. ಬಡವನ ಕೋಪ ದವಡೆಗೆ ಮೂಲ. ಡಬ್ಬಿಯನ್ನು ಬಿಚ್ಚಿಸಿ, ಅರಿವೆ ಸಮೇತ ನನ್ನ ಕೈಗಿಟ್ಟು ಕಳಿಸಿದರು. ಫ್ಯಾನ್ ಬರಲಿಲ್ಲ. ಮಾವಶಿ ಮರುದಿನವೂ ಕೆಲಸಕ್ಕೆ ಹೋದಳು.

ಕೆಲವು ವರ್ಷಗಳಲ್ಲಿ ಹಾಸಿಗೆ ಹಿಡಿದಳು. ಒಂದು ಮಾತಾಡಿದರೆ ಮುಂದಿನದಕ್ಕೆ ಉಸಿರು ಸಾಲುತ್ತಿರಲಿಲ್ಲ. ಒಂದು ಮಧ್ಯಾಹ್ನ ಗೋಡೆಗೊರಗಿ ಕೂತವಳು ಕೇಳಿದಳು:

"ನಿನ್ನ ಮಿಷನ್... ಕೆಟ್ಟಿಲ್ಲಲ್ಲ, ಮಗಾ?"

ಡಬ್ಬಿ ತಂದು ಅವಳೆದುರೇ ತಿರುಪು ಬಿಚ್ಚಿ ತೋರಿಸಿದೆ. ಒಳಗೆಲ್ಲ ಹೊಸದರ ಹಾಗೆ ಹೊಳೆಯುತ್ತಿತ್ತು.

"ಇಲ್ಲ ಮಾವಶಿ. ಒಂಚೂರೂ ಧೂಳ ಹೊಕ್ಕಿಲ್ಲ."

ಅವಳಿಗೆ ಸಮಾಧಾನವಾಯಿತು.